ಕೌಂಟರ್ ನಾಲ್ಕು, ರೂವಿ

ಸಂಬಳದ ವಾರ. ಗಾಜಿನಾಚೆ
ಸಿಮೆಂಟು ಮೆತ್ತಿದ ಬೂಟುಗಳ ಸಾಲು.
ನೋಟುಗಳಿಗೆ ಡೀಸೆಲ್ಲಿನ, ಮೀನಿನ,
ಒಮ್ಮೊಮ್ಮೆ ಊದಿನ ವಾಸನೆ.

ಪೊಡಿಯಬ್ಬ ದಿನಾ ಬರುತ್ತಾನೆ.
"ಅಕ್ಕಾ, ರೇಟೆಷ್ಟು?"
ಹೇಳುತ್ತೇನೆ.
"ನಾಳೆ ಆರು ಪೈಸೆ ಏರಬಹುದು" ಅಂದು
ಲಕೋಟೆ ಮಡಚಿ
ಬನಿಯನ್ನಿನೊಳಗೆ ಇಳಿಸಿ ಹೊರಡುತ್ತಾನೆ.
ಸುಮ್ಮನೆ ಒಂದು ಟೋಕನ್ ದಂಡ,
ಗೊಣಗುತ್ತಾರೆ ಮ್ಯಾನೇಜರು.

ಇವತ್ತು ಕೇಳಲಿಲ್ಲ.
ಇಡೀ ಲಕೋಟೆಯನ್ನೇ ತೂರಿಸಿದ.
ರೇಟು ಒಂಬತ್ತು ಪೈಸೆ ಇಳಿದಿತ್ತು;
ನಾಳೆ ಬಾ ಎನ್ನಲು ಬಾಯಿ ತೆರೆದೆ,
ಅವನ ಮುಖ ನೋಡಿ ಮುಚ್ಚಿದೆ.

ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ.
ಅಂಗಿಗೆ ಒರೆಸಿ ಮತ್ತೆ ಒತ್ತಿದ.
'ಕಳಿಸುವ ಉದ್ದೇಶ?'
ಪರದೆ ಕೇಳಿತು, ನಾನು ಕೇಳಲಿಲ್ಲ.
ಯಾವಾಗಿನ ಹಾಗೆ
'ಮನೆ ಖರ್ಚು' ಒತ್ತಿದೆ.

ಸಂಜೆ ಪೆಟ್ಟಿಗೆಯ ಲೆಕ್ಕ ತಾಳೆಯಾಯಿತು,
ಒಂದು ಬೈಸಾ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆದರೂ ಇನ್ನೊಮ್ಮೆ ಎಣಿಸಿದೆ.