ಖಾಯಂ ವಿಳಾಸ

ಮಾಂಗೋರ್ ಹಿಲ್ಲಿನ ನನ್ನ ಹಿಂದಿನ ಖೋಲಿ ಖಾಲಿ ಆಗಿ
ಇವತ್ತಿಗೆ ಹನ್ನೊಂದು ದಿನ.
ಹತ್ತು ಬೈ ಹನ್ನೆರಡು, ಮ್ಯಾಲೆ ತಗಡು, ಒಂದ ಕಿಡಕಿ,
ಕಿಡಕಿಯಾಗ ಅರ್ಧ ವಾಸ್ಕೋ ಬಂದರು.
ಠಾಣೆಯಿಂದ ಫಾರ್ಮ್ ತಂದು ಮೂರು ಝೆರಾಕ್ಸ್ ಮಾಡಿಸೀನಿ.
ನಾ ಕೇಳತೀನಿ, ಮಗಳು ಬರೀತಾಳ:
ಹೆಸರು, ತಂದಿ ಹೆಸರು, ಎಲ್ಲಿಂದ ಬಂದಿ,
ಯಾಕ ಬಂದಿ, ಎಷ್ಟು ದಿನ ಇರತಿ.
ಓದಾಕ ಬರದಿದ್ದರೂ ಈ ಫಾರ್ಮು ನನಗ ಬಾಯಿಪಾಠ,
ಇಪ್ಪತ್ತಾರು ವರ್ಷ ಅದರೊಳಗ ಬಾಳೇ ಮಾಡೀನಿ.

ಮೊದಲು ಬಂದವರು ಒಡಿಶಾದ ಇಬ್ಬರು ಹುಡುಗ್ರು,
ಹಡಗಿಗೆ ವೆಲ್ಡಿಂಗ್ ಮಾಡವರು, ಕಣ್ಣು ಕೆಂಪಗ.
'ಕುಡೀತೀರೇನು?' ಅಂದೆ.
ಒಬ್ಬ 'ಇಲ್ಲ' ಅಂದ,
ಅದ ಹೊತ್ತಿಗೆ ಇನ್ನೊಬ್ಬ 'ಐತವಾರಕ್ಕೊಮ್ಮೆ' ಅಂದ.
ನಗು ಬಂತು. ನಕ್ಕರ ಬಾಡಿಗಿ ಇಳೀತೈತಿ ಅಂತ ನುಂಗಿಕೊಂಡೆ.
'ಹಗಲು ಇಬ್ಬರು ಅಂತೀರಿ, ರಾತ್ರಿ ಆರು ಮಂದಿ ಆಗತೀರಿ!'
ಅಂದಮ್ಯಾಲೆ ಗೊತ್ತಾತು, ಆ ಮಾತು ನಂದಲ್ಲ,
ಬಾಯ್ನಾದ ಎಸ್ಪೆರಾನ್ಸ್‌ಬಾಯಿದು.
ಆಕಿ ಸತ್ತು ಎಂಟು ವರ್ಷ,
ನನ್ನ ನಾಲಿಗಿ ಮ್ಯಾಲೆ ಇನ್ನೂ ಬಾಡಿಗಿಗೆ ಅದಾಳ.

ಆಮ್ಯಾಲೆ ನಮ್ಮ ಕಡೆಯವರು, ರೋಣ ತಾಲೂಕು.
ಗಂಡ, ಹೆಂಡತಿ, ಬಗಲಾಗ ಕೂಸು.
'ಯಕ್ಕಾ' ಅಂದಳು ಆಕಿ.
ಒಳಗ ಏನೋ ಸಡಲಾತು, ಬಾಡಿಗಿ ಐನೂರು ಕಡಿಮಿ ಮಾಡಿದೆ
ಮನಸಿನ್ಯಾಗ. ನೀರು ಕೊಟ್ಟೆ.
ಲೋಟ ಬಾಯಿಗೆ ಹಚ್ಚೂಕಿಂತ ಮೊದಲ ಆತ ಕೇಳಿದ:
'ನಿಮ್ಮದು ಯಾವ ಮಂದಿ?'
ಕುರ್ಚಿ ನಂದು, ಫಾರ್ಮು ನಂದು,
ಕೇಳಬೇಕಾದಾಕಿ ನಾನು.
ಹೇಳಿದೆ.
ಲೋಟ ಕಟ್ಟಿ ಮ್ಯಾಲೆ ಇಟ್ಟ, ಮೆಲ್ಲಕ, ಸಪ್ಪಳ ಆಗಧಂಗ.
ಕೂಸು ತನ್ನ ಪಾಲಿಂದು ಆಗಲೇ ಕುಡದು ಮುಗಿಸಿತ್ತು.
'ಕಿಡಕಿ ಸಣ್ಣದಾತು,' ಅಂದ.
'ಹೌದಪಾ, ಸಣ್ಣದ ಐತಿ,' ಅಂದೆ.
ಒಂದು ಝೆರಾಕ್ಸ್ ಹಾಳಾತು. ಎರಡು ರೂಪಾಯಿ.

ನಾಕರ ಸುಮಾರು ಛತ್ರಿ ಊರಿಕೋತ ದಿಬ್ಬ ಏರಿದಾಂವ
ಕೆಳಗಿನ ಓಣಿಯ ಕೈತಾನ್, ದರ್ಜಿ.
ಖೋಲಿ ಕೇಳಾಕ ಬಂದಾನಂತ ನನಗರೆ ಹೆಂಗ ತಿಳೀಬೇಕು?
ಈ ಊರಾಗ ನನ್ನ ಮೊದಲ ಕುಬಸ ಹೊಲಿಯಾಕ ಕೊಟ್ಟಾಗ
'ಏ ಘಾಂಟಿ, ಹೊರಗ ನಿಂದ್ರು' ಅಂದಾಂವ.
ಹೊಲಿಗಿ ಮಾತ್ರ ಚಲೋ. ಇನ್ನೂ ಬಿಟ್ಟಿಲ್ಲ.

ತಮ್ಮ ಸಹಿ ಹಾಕಿದ, ಬಿಲ್ಡರ್ ಮನಿ ಕೆಡವಿದ ಅಂತ
ಕೊಂಕಣಿಯೊಳಗ ಗ್ವಾಡಿಗೆ ಹೇಳಿದ, ನನಗಲ್ಲ.
'ಖಾಯಂ ವಿಳಾಸ?' ಅಂದಳು ಮಗಳು.
ಕಿಡಕಿ ಕಡೆ ಬಟ್ಟು ಮಾಡಿದ.
ಕೆಳಗ ತಗಡಿನ ಬೇಲಿ, ಬೇಲಿಯೊಳಗ ಜೆಸಿಬಿ,
ಇನ್ನೂ ಕಡೀದ ಒಂದು ಹಲಸಿನ ಗಿಡ.
'ಎಲ್ಲಿಂದ ಬಂದೀರಿ?'
'ಇಲ್ಲಿಂದ.'
ಪೆನ್ನು ನಿಂತಿತು.
ಆ ಸಾಲಿನ್ಯಾಗ ಗಂಜಾಂ ಹಿಡಸತೈತಿ, ಗದಗ ಹಿಡಸತೈತಿ,
'ಇಲ್ಲಿ' ಅನ್ನೂದು ಹಿಡಸವಲ್ದು.

ಗ್ವಾಡಿ ಮುಟ್ಟಿ ನೋಡಿದ, ಹಸಿ ಐತೇನೋ ಅಂತ.
'ಮುಂಜಾನಿ ಬೆಳಕು ಬರತೈತೇನು? ಸೂಜಿಗೆ ದಾರ ಹಾಕಬೇಕು.'
ಬರತೈತಿ ಅಂದೆ.
'ದಿನಾ ಐದಕ್ಕ ಇಲ್ಲಿಂದ ಚಪ್ಪಾಳಿ ಕೇಳತೈತಿ.
ಎಷ್ಟು ವರ್ಷದಿಂದ ಕೇಳಾಕತ್ತೀನಿ. ಯಾಕ ಹೊಡೀತೀರಿ?'
ಒಂದು ಗಳಿಗಿ ತಿಳೀಲಿಲ್ಲ.
'ರೊಟ್ಟಿ,' ಅಂದೆ. 'ಜ್ವಾಳದ ರೊಟ್ಟಿ ಬಡಿಯೂದು.'
'ರೊಟ್ಟಿ?'
ಇದ್ದ ನಾಕು ಹಲ್ಲೂ ಕಾಣುವಂಗ ನಕ್ಕ.
'ನಾ ನಿಮ್ಮ ಭಜನಿ ಅಂದಕೊಂಡಿದ್ದೆ.
ಬೈಕೋತ ಏಳತಿದ್ದೆ. ಆದರ ಏಳತಿದ್ದೆ.'

'ಎರಡು ತಿಂಗಳದ್ದು ಡಿಪಾಸಿಟ್ಟು,' ಅಂದೆ.
'ಮೂರು ಅನ್ನು,' ಅಂದಳು ಗಂಟಲಾಗ ಎಸ್ಪೆರಾನ್ಸ್‌ಬಾಯಿ.
'ಒಂದು ಕೊಡತೀನಿ,' ಅಂದ ಆತ,
'ಇನ್ನೊಂದು ಹೊಲದು ತೀರಸತೀನಿ.'

ಮಗಳು ನನ್ನ ಕೇಳದನ
ಖಾಯಂ ವಿಳಾಸದ ಮುಂದ ನಮ್ಮ ಮನಿ ನಂಬರ ಬರದಬಿಟ್ಟಾಳ.
ನಾ ಇನ್ನೂ ಹೂಂ ಅಂದಿಲ್ಲ.
ದಿಬ್ಬದ ಕೆಳಗ ಒಡಿಶಾದ ಹುಡುಗ್ರು ಇನ್ನೂ ಕುಂತಾರ,
ಒಂದ ಸೋಡಾ ಬಾಟ್ಲಿ, ಇಬ್ಬರು,
ಇತ್ತಾಗ ನೋಡಿಕೋತ.
ಇವತ್ತು ಐತವಾರ.