ಒಂದು ಬಕೆಟ್ ಬಿಸಿನೀರು

ಬಂದವನು ಕೇಳಿದ್ದು ಹೆಚ್ಚೇನಲ್ಲ.
ನಾಲ್ಕು ದಿನ ಸೈಕಲ್ ತುಳಿದವನು,
ಕಿವಿಯ ಮಡಿಕೆಯಲ್ಲೆಲ್ಲ ಬಾರ್ತಾಂಗ್ ಕಣಿವೆಯ ದೂಳು.
ಕೈಯಲ್ಲೇ ಅಭಿನಯಿಸಿ ತೋರಿಸಿದ:
ತಲೆಯ ಮೇಲೆ ಸುರಿದುಕೊಳ್ಳುವಂತೆ,
ಹಾ ಎಂದು ಕಣ್ಣು ಮುಚ್ಚುವಂತೆ.
ಒಂದು ಬಕೆಟ್ ಬಿಸಿನೀರು.

ಸವ್ಸನ್ ತಲೆಯಾಡಿಸಿ ಹೊರಗೆ ಹೋದಳು.
ಇಲ್ಲವೆನ್ನಲು ಅವಳ ಭಾಷೆಯಲ್ಲಿ ಮಾತಿದೆ,
ಹೊಸ್ತಿಲ ಒಳಗೆ ಅದು ನಡೆಯುವುದಿಲ್ಲ.

ಇಲ್ಲಿ ಮರವಿಲ್ಲ.
ನದಿಯ ದಂಡೆಗೆ ಒಂದಿಷ್ಟು ವಿಲೋ, ಎಣಿಸಿದರೆ ನಲವತ್ತು,
ಒಂದೊಂದಕ್ಕೂ ಒಡೆಯನಿದ್ದಾನೆ, ಕೆಲವಕ್ಕೆ ಇಬ್ಬರು.
ಉಳಿದಂತೆ ಕಲ್ಲು. ಕಲ್ಲಿನ ಮೇಲೆ ಕಲ್ಲು. ಮೇಲೆ ಹಿಮ.
ಚಿತ್ರಕ್ಕೆ ಬಹಳ ಚೆನ್ನ.
ಒಲೆಗೆ ಬೇಕಾದ್ದು ಚಿತ್ರದಲ್ಲಿ ಕಾಣದ್ದು:
ತೆರೆಸ್ಕೆನ್.
ಗೇಣೆತ್ತರದ ಬೂದು ಪೊದೆ, ನೆಲಕ್ಕೆ ಬಂದ ಗಡ್ಡದ ಹಾಗೆ.
ಮೇಲೆ ಅಷ್ಟೇ, ಕೆಳಗೆ ಮಾರುದ್ದ ಬೇರು.
ಉರಿಯುವುದು ಬೇರೇ.
ಕಿತ್ತರೆ ಕಿತ್ತಂತೆ; ಮತ್ತೆ ಅಷ್ಟಾಗಲು
ಒಬ್ಬ ಮಗಳು ಹುಟ್ಟಿ ಮದುವೆಯಾಗಿ ಹೋಗುವಷ್ಟು ಕಾಲ.

ಅಜ್ಜಿ ಮನೆಯ ಹಿಂದೆಯೇ ಕೀಳುತ್ತಿದ್ದಳಂತೆ.
ಅವ್ವ, ಹಳ್ಳ ದಾಟಿ.
ಇವಳು ಕತ್ತೆ ಹೊಡೆದುಕೊಂಡು ನಸುಕಿಗೆ ಹೊರಟರೆ
ಸಂಜೆಗೆ ಅರ್ಧ ಹೊರೆ.

ಮೊದಲ ಬೇಸಿಗೆ ಬಂದವರು ಹನ್ನೊಂದು ಜನ.
ಎರಡನೆಯದಕ್ಕೆ ನೂರಾ ಆರು.
ಹೊಸ ರಜಾಯಿ, ಹೊಸ ಕೆಟಲು, ಮಗನಿಗೆ ಖೋರೋಗ್‌ನಲ್ಲಿ ಕಾಲೇಜು.
ದುಡ್ಡು ಬಂತು, ಬರಲಿಲ್ಲ ಎಂದರೆ ನಾಲಿಗೆ ಹುಳಬಿದ್ದೀತು.
ಆದರೆ ಆ ಚಳಿಗಾಲ
ಮೇಯಲು ಪೊದೆಯಿಲ್ಲದ ಯಾಕ್‌ಗಳು
ಗೋಡೆಗೆ ತಟ್ಟಿದ ಸಗಣಿಯನ್ನೇ ಮೂಸಿದವು.
ಗಾಳಿ ಎದ್ದರೆ ಬೆಟ್ಟವೇ ಎದ್ದಂತೆ ಮರಳು,
ಹಾಲಿನ ಚಹದಲ್ಲಿ ಉಪ್ಪಿನ ಜೊತೆ ಹಲ್ಲಿಗೆ ಸಿಗುತ್ತಿತ್ತು.

ಆಗ ಕೂತರು, ನೆಕ್‌ಕದಮನ ಮನೆಯಲ್ಲಿ,
ಐದು ಕಂಬಗಳ ನಡುವೆ.
ಸೂರಿನ ಚೌಕದೊಳಗಣ ಚೌಕದಿಂದ ಬಿಸಿಲಿಳಿದು
ಒಬ್ಬೊಬ್ಬರ ಮೊಣಕಾಲ ಮೇಲೂ ಕೂತೆದ್ದು ಹೋಗುವ ತನಕ.
ಪಟ್ಟಣದ ಕಚೇರಿಯಿಂದ ಬಂದಿದ್ದವ ಹೇಳಿದ: ಸುಸ್ಥಿರ.
ಹಾಗಂದರೆ? ಎಂದರು ಯಾರೋ.
ಅರ್ಧ ಗಂಟೆ ವಿವರಿಸಿದ.
ತೂಕಡಿಸುತ್ತಿದ್ದ ಮುದುಕಿ ಗುಲ್‌ಚೆಹ್ರಾ ಕಣ್ಣು ತೆರೆದು
"ಬರುವ ವರ್ಷವೂ ಒಲೆ ಉರಿಯಬೇಕು ಅಂತಿದಾನೆ," ಎಂದಳು.
"ಅಷ್ಟಕ್ಕೆ ಇಷ್ಟು ಹೊತ್ತು."

ಜಗಳವೂ ಆಯಿತು.
ರಾತ್ರಿಗೆ ಎಂಟೇ ಅತಿಥಿ, ಸರದಿಯ ಮೇಲೆ ಮನೆ ಎಂದಾಗ
ಜೀಪಿನ ಶಕರ್‌ಮಮದ್ ಎದ್ದೇ ಹೋದ;
ಅವನ ಸಾಲ ಇನ್ನೂ ತೀರಿರಲಿಲ್ಲ.
ಇವತ್ತಿಗೂ ಸವ್ಸನ್ ಗಂಡನ ಜೊತೆ
ಸಲಾಮಿಗಿಂತ ಉದ್ದದ ಮಾತಿಲ್ಲ.

ಹಿತ್ತಿಲಿಗೆ ಬಂದಳು.
ಮಾಳಿಗೆಯ ಮೇಲೆ ಕಪ್ಪು ಬಳಿದ ಪೀಪಾಯಿ,
ಬಿಸಿಲಿಗೆ ಬೆನ್ನು ಕೊಟ್ಟ ಮುದಿ ಯಾಕ್‌ನಂತೆ.
ಇವತ್ತು ಮಧ್ಯಾಹ್ನದಿಂದಲೇ ಮೋಡ.
ಕೈ ಅದ್ದಿ ನೋಡಿದಳು: ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ,
ಹೊದಿಕೆಯಿಂದ ಹೊರಬಿದ್ದ ಮಗುವಿನ ಪಾದದಷ್ಟು.

ಒಲೆಯ ಪಕ್ಕ ನಾಲ್ಕು ಬುಡ, ನಾಳೆಯ ರೊಟ್ಟಿಗೆ ಇಟ್ಟದ್ದು.
ನೋಡಿದಳು. ಅವೂ ನೋಡಿದವು.

ಒಂದನ್ನು ತಂದು ಅವನ ಅಂಗೈಯಲ್ಲಿಟ್ಟಳು.
ಉಡುಗೊರೆ ಎಂದುಕೊಂಡ, ಮೂಸಿದ, ಎದೆಗೆ ಕೈಯಿಟ್ಟು ಬಾಗಿದ.
ಅಲ್ಲ ಎಂದು ಹತ್ತು ಬೆರಳು ಬಿಡಿಸಿದಳು. ಮತ್ತೆ ಹತ್ತು.
ಒಲೆ ತೋರಿಸಿದಳು, ಬಕೆಟ್ಟು ತೋರಿಸಿದಳು, ಮತ್ತೆ ಬೆರಳು.
ಎಷ್ಟು ತಿಳಿಯಿತೋ.
ಹಿತ್ತಿಲಿಂದ ಅವನು ಕಿರುಚಿದ್ದಕ್ಕೆ
ಆಚೆ ದಡದ ಮೇಕೆಗಳು ತಲೆಯೆತ್ತಿದವು.
ನಡುಗುತ್ತ ನಗುತ್ತ ಬಂದವನಿಗೆ ರಜಾಯಿ ಹೊದಿಸಿ
ಕೆಳಕಣಿವೆಯಿಂದ ತಂದ ಒಣ ಹಿಪ್ಪುನೇರಳೆ ಮುಂದಿಟ್ಟಳು.

ಬೇರನ್ನು ಅವನು ಮರಳಿ ಕೊಡಲಿಲ್ಲ.
ಕೇಳಲು ಅವಳಿಗೆ ಬಾಯಿ ಬರಲಿಲ್ಲ.
ಬೆಳಿಗ್ಗೆ ಸೈಕಲ್ಲಿನ ಚೀಲದಲ್ಲಿ ಅದು ಕಣಿವೆ ಇಳಿದು ಹೋಯಿತು.
ಇವಳು ಮೂರರಲ್ಲೇ ರೊಟ್ಟಿ ಸುಟ್ಟಳು.
ಕೊನೆಯದು ಸ್ವಲ್ಪ ಹಸಿ.