ದಾರಿ ಹೇಗಿತ್ತು

ಸುರಂಗ ಕೊರೆಯುವ ಮೊದಲು
ಈ ಊರಿಗೆ ಟಪಾಲು ಬರುತ್ತಿದ್ದದ್ದು
ಅಪ್ಪನ ಕಾಲ ಮೇಲೆ.
ವಾರಕ್ಕೆ ಮೂರು ಸಲ, ಗುಡ್ಡ ಹತ್ತಿ, ಗುಡ್ಡ ಇಳಿದು,
ಒಂದು ಮರವೂ ಇಲ್ಲದ ಫ್ಯಾರೋ ದ್ವೀಪದ ಗಾಳಿಗೆ
ಹೆಗಲು ಕೊಟ್ಟು.

ಹನ್ನೊಂದು ಮನೆ. ಕೆಲವೊಮ್ಮೆ ಚೀಲದಲ್ಲಿ
ಒಂದೇ ಒಂದು ಲಕೋಟೆ; ಅದೂ
ಕರೆಂಟು ಬಿಲ್ಲು.
"ಇಷ್ಟಕ್ಕೇ ಹೋಗಬೇಕಾ?" ಅಂದರೆ ಅಮ್ಮ,
ಅಪ್ಪ ಬೂಟಿನ ದಾರ ಬಿಗಿಯುತ್ತಿದ್ದ.
ಉತ್ತರವೆಲ್ಲ ಆ ಗಂಟಿನಲ್ಲೇ.

ಒಮ್ಮೆ ನಾನೂ ಹೋಗಿದ್ದೆ, ಒಂಬತ್ತರ ವಯಸ್ಸಿಗೆ.
ತುತ್ತತುದಿಯ ಮನೆ ಸುನ್ನಿವಾಳದು,
ಹುಲ್ಲು ಬೆಳೆದ ಮಾಡು, ಒಲೆಯ ಮೇಲೆ ಕೆಟಲು.
ಕೊಟ್ಟ ಕಾಗದವನ್ನು ಅವಳು ಒಡೆಯಲಿಲ್ಲ.
ಮೇಜಿನ ಮೇಲೆ ಮಗುಚಿಟ್ಟು,
ಅಪ್ಪನ ಒದ್ದೆ ಕಾಲುಚೀಲ ಬಿಚ್ಚಿಸಿ
ಒಲೆಯ ಸರಳಿಗೆ ತೂಗುಹಾಕಿ ಕೇಳಿದಳು:
"ದಾರಿ ಹೇಗಿತ್ತು, ಹಾನುಸ್?"

ಮನೆಯಲ್ಲಿ ಮಾತೇ ಆಡದ ಅಪ್ಪ ಅಲ್ಲಿ ಮಾತಾಡಿದ.
ಎರಡನೇ ಕಲ್ಲುಗುಪ್ಪೆಯ ಹತ್ತಿರ ಮಂಜು,
ಕೈ ಚಾಚಿದರೆ ಕೈಯೇ ಇಲ್ಲ.
ಅಂಗಾತ ಬಿದ್ದು ಒದ್ದಾಡುತ್ತಿದ್ದ ನಿನ್ನ ಕರಿ ಕುರಿಯನ್ನು
ಎತ್ತಿ ನಿಲ್ಲಿಸಿದೆ, ತಿರುಗಿಯೂ ನೋಡದೆ ಹೋಯಿತು.
ಕೆಂಪು ಕೊಕ್ಕಿನ ಹಕ್ಕಿ ಕಾಲುದಾರಿಯ ನಡುವೆಯೇ ಮೊಟ್ಟೆಯಿಟ್ಟಿದೆ,
ಇನ್ನು ಮೂರು ವಾರ ನಾನೇ ಸುತ್ತಿ ಬರಬೇಕು.
ಅವಳು ಕಣ್ಣು ಮುಚ್ಚಿ ಕೇಳುತ್ತಲೇ ಇದ್ದಳು,
ಮಂಡಿ ಸೋತ ಮೇಲೆ ಕೈಬಿಟ್ಟ ಗುಡ್ಡವನ್ನು
ಮತ್ತೆ ಹತ್ತುವವಳ ಹಾಗೆ.
ಲಕೋಟೆಯ ಮೇಲೆ ಚಹಾದ ಕಲೆ ಬಿತ್ತು.
ಯಾರೂ ಒರೆಸಲಿಲ್ಲ.

ಈಗ ಸುರಂಗ. ನಾಲ್ಕು ನಿಮಿಷ.
ಕಳೆದ ತಿಂಗಳು ಕಾರಿನಲ್ಲಿ ಹೋದೆ,
ಅಂಗಡಿಯ ಬ್ರೆಡ್ಡು ಇನ್ನೂ ಬಿಸಿಯಿತ್ತು.
ಸುನ್ನಿವಾಗೆ ತೊಂಬತ್ತೊಂದು; ಕಣ್ಣು ಮಂದ,
ಪ್ರಶ್ನೆ ಮಾತ್ರ ಅದೇ.
"ಕತ್ತಲಿತ್ತು," ಅಂದೆ. "ಆಮೇಲೆ ನಿಮ್ಮ ಊರು."
ಅವಳು ಕಾದಳು, ಮುಂದಿನದಕ್ಕೆ.
ನನ್ನ ಬಳಿ ಮುಂದಿನದೇ ಇರಲಿಲ್ಲ.

ಸುರಂಗವನ್ನು ಬೈಯಲಾರೆ.
ಅವಳ ಎದೆನೋವಿಗೆ ಆಂಬುಲೆನ್ಸು ಬಂದದ್ದು
ಅದರೊಳಗಿಂದಲೇ.

ಆದರೂ ನಿನ್ನೆ, ಅಪ್ಪನ ಹಳೇ ಚೀಲದಲ್ಲಿ
ರೂಬಾರ್ಬ್ ಜಾಮಿನ ಸೀಸೆ ಇಟ್ಟುಕೊಂಡು ಹತ್ತಿದೆ.
ಮೊದಲ ಗುಪ್ಪೆಗೇ ಉಸಿರು ಹೋಯಿತು.
ಎರಡನೆಯದು ಅರ್ಧ ಕುಸಿದಿತ್ತು; ಬಿದ್ದ ಎರಡು ಕಲ್ಲು ಎತ್ತಿಟ್ಟೆ.
ಮೂರನೆಯದು ಸಿಗಲೇ ಇಲ್ಲ.
ಮಂಜು. ಜಾರಿದೆ. ಸೀಸೆ ಒಡೆಯಿತು.
ಮಂಡಿಯ ಕೆಂಪು ಯಾವುದು, ಜಾಮಿನದು ಯಾವುದು
ತಿಳಿಯದೆ ಕೂತು ನಕ್ಕೆ,
ಬೆರಳು ನೆಕ್ಕಿ ನೋಡಿದೆ, ಮರಳಿದೆ.

ಸಂಜೆ ಫೋನಿನಲ್ಲಿ ಹೇಳಿದೆ: ತಲುಪಲಿಲ್ಲ, ಸುನ್ನಿವಾ.
ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು.
"ಅದಿರಲಿ. ದಾರಿ ಹೇಗಿತ್ತು?"

ನಾನು ಎರಡನೇ ಗುಪ್ಪೆಗೆ ಬರುವಷ್ಟರಲ್ಲಿ
ಅವಳ ಒಲೆಯ ಮೇಲೆ ಕೆಟಲು ಕೂಗತೊಡಗಿತು.
ಇಳಿಸಲು ಅವಳು ಏಳಲಿಲ್ಲ.